ಮದ್ದಿನ ವಿಮಾನಕ್ಕೆ ಹೊಸ ಪೆಟ್ಟಿಗೆ

ನೀಲಾಂಬಿಕ: ಅಂದ್ರೆ ನನ್ನ ಕೈಯಿಂದ ಬಾವುಟ ಕಿತ್ಕೊಂಡು, ಆ ದುಡ್ಡಲ್ಲಿ ವಿಮಾನದೊಳಗೆ ಒಂದು ಪೆಟ್ಟಿಗೆ ಇಡ್ತೀರಿ. ಅಷ್ಟೇ ತಾನೆ? ಅದನ್ನ ಹೇಳಾಕೆ ಇಷ್ಟೊತ್ತು ಯಾಕೆ ಕೆಮ್ತೀರಿ?

ಗುರುಪ್ರಕಾಶ್: ಕಿತ್ಕೊಳ್ಳೋದಲ್ಲಮ್ಮಾ. ಉಳಿತಾಯ ಅಂತಾರೆ ಅದಕ್ಕೆ.

ನೀಲಾಂಬಿಕ: ಕಿತ್ಕೊಂಡೋರಿಗೆ ಉಳಿತಾಯ. ಕಳ್ಕೊಂಡೋರು ಏನನ್ಬೇಕು?

ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಹಿಂದೆ, ಗೊಬ್ಬರದ ಅಂಗಡಿಯ ಮಹಡಿಯ ಮೇಲೆ ಬೆಳೆಗಾರರ ಸಂಘದ ಆಫೀಸು. ಕೆಳಗಿನ ಗೊಬ್ಬರದ ವಾಸನೆ ಮೇಲಿನ ಚಹಾದಲ್ಲೂ ಇರುತ್ತಿತ್ತು. ಭತ್ತಕ್ಕೆ ಹುಳ ಬೀಳುವ ಕಾಲಕ್ಕೆ ಈ ಸಂಘ ಒಂದು ಸಣ್ಣ ವಿಮಾನವನ್ನು ಬಾಡಿಗೆಗೆ ತರಿಸಿ, ಶಿಕಾರಿಪುರ ಸೊರಬ ಎರಡೂ ತಾಲ್ಲೂಕಿನ ಗದ್ದೆಗಳಿಗೆ ಮೇಲಿನಿಂದ ಔಷಧಿ ಹೊಡೆಸುತ್ತಿತ್ತು. ಜನ ಅದನ್ನು ಮದ್ದಿನ ವಿಮಾನ ಅನ್ನುತ್ತಿದ್ದರು. ಅದು ಇಳಿಯುವುದು, ಮದ್ದು ತುಂಬಿಸಿಕೊಳ್ಳುವುದು ಎಲ್ಲ ಸೊರಬದ ಕಡೆ, ಜಡೆಯ ಬಯಲಿನಲ್ಲಿ. ಶಿಕಾರಿಪುರದ ಕಡೆಯ ಊರಾದ ತೊಗರ್ಸಿಯಲ್ಲಿ ಇಳಿಯುತ್ತಿರಲಿಲ್ಲ. ಅಲ್ಲಿ ಒಬ್ಬರು ಕೆರೆ ಏರಿಯ ಮೇಲೆ ನಿಂತು ಬಾವುಟ ಬೀಸಬೇಕು. ಈ ಗದ್ದೆ ಆಯಿತು, ಆ ಗದ್ದೆಗೆ ಹೋಗು ಎಂದು ತೋರಿಸಬೇಕು.

ಅದು ನೀಲಾಂಬಿಕಳ ಗಂಡ ಶಾಂತವೀರಪ್ಪನ ಕೆಲಸವಾಗಿತ್ತು. ಹೋದ ಬೇಸಿಗೆಯಲ್ಲಿ ಆತ ತೀರಿಕೊಂಡ. ಮಳೆ ಮುಗಿದು ವಿಮಾನ ಬಂದಾಗ ನೀಲಾಂಬಿಕ ಯಾರನ್ನೂ ಕೇಳಲಿಲ್ಲ. ಸೀರೆಯ ಮೇಲೆ ಗಂಡನ ಅಂಗಿ ತೊಟ್ಟಳು. ಅವನ ರುಮಾಲು ಸುತ್ತಿದಳು. ಬಾವುಟ ಹಿಡಿದು ಏರಿ ಹತ್ತಿದಳು. ಬೇಡ ಎನ್ನಲು ಬಂದವರು ಅವಳ ಮುಖ ನೋಡಿ ಬಂದ ದಾರಿಯಲ್ಲೇ ಹೋದರು.

ಈಗ ಬೇಡ ಅನ್ನುತ್ತಿದ್ದವನು ಹೊಸ ಸೆಕ್ರೆಟರಿ ಗುರುಪ್ರಕಾಶ್. ಡಿಗ್ರಿ ಓದಿದವನು. ಸಂಜೆ ಡೈರೆಕ್ಟರುಗಳ ಮೀಟಿಂಗಿನಲ್ಲಿ ಈ ಉಳಿತಾಯದ ವಿಷಯ ಹೇಳಿ ಭೇಷ್ ಅನ್ನಿಸಿಕೊಳ್ಳಬೇಕೆಂದು ಇಸ್ತ್ರಿ ಅಂಗಿ ಹಾಕಿ ಬಂದಿದ್ದ.

ಗುರುಪ್ರಕಾಶ್: ಕೇಳ್ರಿ ಅಮ್ಮಾ. ನೆಲದ ಸೇವೆ ಅಂತ ಸಂಘಕ್ಕೆ ಒಂದು ಖರ್ಚಿದೆ. ನಿಮ್ಮ ಬಾವುಟ, ಜಡೆಯಲ್ಲಿ ನಜೀರ್ ಸಾಬರ ಹೊಗೆ, ಎಲ್ಲ ಅದರಲ್ಲಿ ಬರುತ್ತೆ. ಅದನ್ನ ನಿಲ್ಸಿದ್ರೆ ಉಳಿಯೋ ದುಡ್ಡಲ್ಲಿ ವಿಮಾನಕ್ಕೆ ದಾರಿ ತೋರ್ಸೋ ಯಂತ್ರ ಬರುತ್ತೆ.

ನೀಲಾಂಬಿಕ: ಅದಕ್ಕೆ ದಾರಿ ಯಾರು ತೋರ್ಸ್ತಾರೆ?

ಗುರುಪ್ರಕಾಶ್: ಉಪಗ್ರಹ. ಮೇಲೆ ತಿರುಗ್ತಾ ಇರ್ತಾವೆ. ನೀನೀಗ ಇಲ್ಲಿದೀಯ, ಎಡಕ್ಕೆ ಹೋಗು, ಬಲಕ್ಕೆ ಹೋಗು ಅಂತ ಪೆಟ್ಟಿಗೆಗೆ ಹೇಳ್ತಾವೆ.

ನೀಲಾಂಬಿಕ: ಗ್ರಹದ ಮಾತು ನಂಬಬ್ಯಾಡ್ರಿ. ನನ್ನ ಜಾತಕದಾಗೆ ಮುತ್ತೈದೆ ಸಾವು ಅಂತ ಹೇಳಿದ್ವು.

ಗುರುಪ್ರಕಾಶನಿಗೆ ನಗಬೇಕೋ ಬಿಡಬೇಕೋ ತಿಳಿಯಲಿಲ್ಲ. ಚಹಾದ ಲೋಟದೊಳಗೆ ನೋಡಿದ. ಅಲ್ಲೂ ಏನೂ ಇರಲಿಲ್ಲ.

ಗುರುಪ್ರಕಾಶ್: ಇವು ಆ ಗ್ರಹ ಅಲ್ಲಮ್ಮಾ. ಅಮೆರಿಕದೋರು ಬಿಟ್ಟಿರೋವು.

ನೀಲಾಂಬಿಕ: ಅಮೆರಿಕದ ಗ್ರಹಕ್ಕೆ ತೊಗರ್ಸಿ ರಾಜಪ್ಪನ ಗದ್ದೆ ಯಾವುದು, ಅವನ ದಾಯಾದಿ ಗದ್ದೆ ಯಾವುದು ಅಂತ ಗೊತ್ತೈತಾ? ಅದು ಕೋರ್ಟಿಗೇ ಗೊತ್ತಿಲ್ಲ.

ಗುರುಪ್ರಕಾಶ್: ಗೊತ್ತು ಮಾಡಿಸ್ತೀವಿ.

ನೀಲಾಂಬಿಕ: ಆಯ್ತು. ನನ್ನ ತೆಗೆದ ದುಡ್ಡಲ್ಲಿ ಪೆಟ್ಟಿಗೆ ಬರೋದಾದ್ರೆ ಪೆಟ್ಟಿಗೆ ನಂದು.

ಗುರುಪ್ರಕಾಶ್: ನಿಮ್ಮದು ಹೆಂಗಾಗುತ್ತೆ? ಅದು ವಿಮಾನದೊಳಗೆ ಇರುತ್ತೆ.

ನೀಲಾಂಬಿಕ: ಹಗಲೊತ್ತು ಇರ್ಲಿ. ಸಂಜೆ ಮನೆಗೆ ಕಳಿಸ್ರಿ.

ಗುರುಪ್ರಕಾಶ್: ಅಮ್ಮಾ, ಅದೇನು ಮೇಯಾಕೆ ಹೋದ ಎಮ್ಮೇನಾ?

ನೀಲಾಂಬಿಕ: ಎಮ್ಮೆ ಆಗಿದ್ರೆ ಹಾಲಾದ್ರೂ ಕೊಡ್ತಿತ್ತು. ವಿಮಾನ ಯಾರದು?

ಗುರುಪ್ರಕಾಶ್: ಕಂಪನಿಯದು.

ನೀಲಾಂಬಿಕ: ನಮ್ಮ ಹೊಟ್ಟೆ ಕಟ್ಟಿ ಕಂಪನಿ ವಿಮಾನಕ್ಕೆ ಒಡವೆ ಹಾಕ್ತೀರಿ. ಮದುವೆ ಯಾರದ್ದೋ, ಸರ ನಮ್ಮದು. ಭೇಷಾಯ್ತು ಬಿಡ್ರಿ.

ಗುರುಪ್ರಕಾಶ್: ಪೆಟ್ಟಿಗೆ ಇದ್ರೆ ಹೊಡೆದ ಸಾಲಿಗೇ ಮತ್ತೆ ಮದ್ದು ಹೊಡಿಯಲ್ಲ ಅಂತ ಕಂಪನಿಯೋರು ಹೇಳ್ತಾರೆ. ನಾಳೆ ಬಾಡಿಗೇನೂ ಇಳಿಸ್ತಾರೆ. ನಿಮಗೂ ಒಳ್ಳೇದು. ಈ ವಯಸ್ಸಲ್ಲಿ ಬಿಸಿಲಲ್ಲಿ ನಿಂತು ಕೈ ಬೀಸೋದು ತಪ್ಪುತ್ತೆ. ಆರಾಮಾಗಿ ಮನೇಲಿರಿ.

ನೀಲಾಂಬಿಕ: ಆರಾಮ ಮಾಡಿ ಮಾಡಿ ಸಾಕಾಗೈತೆ.

ಬಾವುಟದ ಚಿಂತೆ ಅವಳಿಗೆ ಅಷ್ಟಾಗಿ ಇರಲಿಲ್ಲ. ಬಾವುಟದ ಬೆನ್ನಿಗೇ ಬರುವುದೊಂದಿತ್ತು. ತೊಗರ್ಸಿಯ ಕೆಲಸ ಮುಗಿಸಿ ಹೋಗುವಾಗ ವಿಮಾನ ಅವಳ ಮನೆಯ ಮೇಲೆ ಒಂದು ಸುತ್ತು ಹಾಕಿ, ರೆಕ್ಕೆ ಬಾಗಿಸಿ, ಆಮೇಲೆ ಜಡೆಯ ಕಡೆ ತಿರುಗುತ್ತಿತ್ತು. ಗಂಡ ಇದ್ದಾಗಿನಿಂದ ಹಾಗೆ. ಬಾವುಟ ಹೋದರೆ ಸುತ್ತೂ ಹೋಗುತ್ತದೆ. ಅದನ್ನು ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಜಗಳಕ್ಕೆ ಮಾತ್ರ ಬಾಯಿ ಬರುತ್ತಿತ್ತು. ಅದಕ್ಕೆ ಜಗಳವಾಡುತ್ತಿದ್ದಳು.

ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಸೊರಬದ ಬಸ್ಸಿಳಿದು ನಜೀರ್ ಸಾಬ್ ಬಂದರು. ಜಡೆಯಲ್ಲಿ ಸ್ಟೌ, ಪಂಪ್‌ಸೆಟ್ಟು ರಿಪೇರಿ ಮಾಡುವವರು. ವಿಮಾನ ಬಂದ ದಿನ ಬಯಲಿನ ತುದಿಯಲ್ಲಿ ಹಸಿ ಹುಲ್ಲು ಸುಟ್ಟು ಹೊಗೆ ಎಬ್ಬಿಸುತ್ತಿದ್ದರು. ಹೊಗೆ ಎತ್ತ ಬಾಗುತ್ತದೋ ನೋಡಿಕೊಂಡು ಪೈಲಟ್ ಇಳಿಯುತ್ತಿದ್ದ.

ನಜೀರ್ ಸಾಬ್: ಸಲಾಂ ಸೆಕ್ರೆಟರಿ ಸಾಹೇಬ್ರೆ. ಹೊಗೆ ನಿಲ್ಸ್ತೀರಂತೆ? ಇದೆಂಥ ಮಾತು ಮಾರಾಯ್ರೆ? ಬಾವುಟ ನಿಲ್ಸಿ, ನಾನು ಬೇಡ ಅನ್ನಲ್ಲ. ಹೊಗೆ ಬೇಕೇ ಬೇಕು.

ನೀಲಾಂಬಿಕ: ಬಂದ್ರಾ ಸಾಬ್ರೆ? ಕೂರ್ರಿ. ಕೂತು ನನ್ನ ಕುತ್ತಿಗೆ ಕುಯ್ರಿ.

ನಜೀರ್ ಸಾಬ್: ಅಯ್ಯೋ, ನೀಲಕ್ಕ, ನೀವಿಲ್ಲೇ ಇದ್ದೀರಾ? ಬಾಗಿಲ ಮರೆಗೆ ಕಾಣಲಿಲ್ಲ. ಹಂಗಲ್ಲ ಅಕ್ಕಾ. ಬಾವುಟ ಅಂದ್ರೆ ಕೈ ಬೀಸೋದು. ಹೊಗೆ ಅಂದ್ರೆ ಹುನ್ನರು, ಕೈಚಳಕ ಬೇಕು. ಜಾಸ್ತಿ ಹಾಕಿದ್ರೆ ಪೈಲಟ್ ಕಣ್ಣು ಮುಚ್ತದೆ, ಕಡಿಮೆ ಹಾಕಿದ್ರೆ ಕಾಣೋದೇ ಇಲ್ಲ.

ನೀಲಾಂಬಿಕ: ಹಸಿ ಸೌದೆ ಹಾಕಿದ್ರೆ ನಮ್ಮನೆ ಒಲೇನೂ ದಿನಾ ಅದೇ ಹುನ್ನರು ಮಾಡ್ತೈತೆ. ಅದಕ್ಕೇನು ಸಂಬಳ ಕೊಟ್ಟಿದೀನಾ? ನಿಮಗೆ ಕೊಡ್ತಾರೆ, ನೀವು ಹೊಗಳ್ಕೊಳ್ತೀರಿ.

ನಜೀರ್ ಸಾಬ್: ನನಗೆ ಸಂಬಳವಾ? ಸಂಬಳ ಬರೋದು ನಿಮಗಲ್ವಾ?

ನೀಲಾಂಬಿಕ: ನನಗ್ಯಾರು ಕೊಟ್ರು?

ನಜೀರ್ ಸಾಬ್: ಮೊದಲು ಬೇಡ ಅಂದಿದ್ರೂ ಆಮೇಲೆ ಶಾಂತವೀರಪ್ಪಣ್ಣನಿಗೆ ಕೊಡ್ತಿದ್ರು ಅಂತ ನಾನು. ಸಂಘದ ಊರು ಶಿಕಾರಿಪುರ, ಶಿಕಾರಿಪುರದೋರಿಗೆ ಕೊಡ್ತಾರೆ, ಸೊರಬದೋರಿಗೆ ಯಾರು ಕೊಡ್ತಾರೆ ಅಂತ ನಮ್ಮನೆಯವಳು ಕುಬ್ರಾ ಬೀ ಒಲೆ ಮುಂದೆ ದಿನಾ ಹೇಳ್ತಾಳೆ.

ನೀಲಾಂಬಿಕ: ಅವ್ರಿಗೆ ಒಂದು ಕಾಸು ಬಂದಿಲ್ಲ. ಸೊರಬದೋರು ಗಟ್ಟಿಗರು, ಅವ್ರು ಕೇಳಿ ಇಸ್ಕೊಳ್ತಾರೆ, ನಾವೇ ಬಾಯಿ ಸತ್ತೋರು ಅಂತ ನಾನು ಬೈಯ್ತಿದ್ದೆ.

ನಜೀರ್ ಸಾಬ್: ನೀವು ಬಾಯಿ ಸತ್ತೋರಾ?

ನೀಲಾಂಬಿಕ: ದುಡ್ಡಿನ ಮಾತಲ್ಲಿ.

ಇಬ್ಬರೂ ಒಟ್ಟಿಗೆ ಗುರುಪ್ರಕಾಶನ ಕಡೆ ತಿರುಗಿದರು. ಅವನು ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಹೋದ. ಹಿಂದೆ ಗೋಡೆಯಿತ್ತು.

ಗುರುಪ್ರಕಾಶ್: ನೋಡ್ರಿ, ನಾನು ಬಂದಿದ್ದು ಮೊನ್ನೆ ಮೊನ್ನೆ. ಸಂಘದ ದುಡ್ಡಲ್ಲೇ ನಿಮಗೆ ಕಂಪನಿ ಕೊಡ್ತಿದೆ ಅಂತ ನಾನಿದ್ದೆ.

ನಜೀರ್ ಸಾಬ್: ಕಂಪನಿಯವರು ಸಂಘ ಕೊಡ್ತಿದೆ ಅಂತ ಇರ್ತಾರೆ.

ನೀಲಾಂಬಿಕ: ಒಟ್ಟಲ್ಲಿ ಎಲ್ಲಾರೂ ಕೊಟ್ಟಿದಾರೆ, ನಮಗೆ ಬಂದಿಲ್ಲ. ಈಗ ಹೇಳ್ರಿ ಸೆಕ್ರೆಟ್ರಿ. ಕೊಡದೇ ಇರೋ ಸಂಬಳ ನಿಲ್ಸಿ ಎಷ್ಟು ಉಳಿಸ್ತೀರಿ?

ಗುರುಪ್ರಕಾಶ್: ಅದೇ ನನಗೂ...

ನೀಲಾಂಬಿಕ: ಒಂದು ಕೆಲಸ ಮಾಡ್ರಿ. ಮೊದಲು ನಮಗೆ ಒಂದು ವರ್ಷ ಸಂಬಳ ಕೊಡ್ರಿ. ಕೈ ತುಂಬ ಕೊಡ್ರಿ. ಆಮೇಲೆ ನಿಲ್ಸ್ರಿ. ಆಗ ಉಳಿತಾಯ ಕಾಣ್ತೈತೆ.

ನಜೀರ್ ಸಾಬ್: ವಾಹ್. ಜಾಸ್ತಿ ಕೊಟ್ಟಷ್ಟೂ ಜಾಸ್ತಿ ಉಳಿತಾಯ. ಮೀಟಿಂಗಲ್ಲಿ ಇದನ್ನೇ ಹೇಳಿ ಸಾಹೇಬ್ರೆ.

ಗುರುಪ್ರಕಾಶ್: ತಮಾಷೆ ಸಾಕು ಮಾಡ್ರಿ. ನೆಲದ ಸೇವೆ ಅಂತ ವರ್ಷಾ ವರ್ಷಾ ದುಡ್ಡು ಹೋಗ್ತಿರೋದು, ಈ ವರ್ಷ ಇನ್ನೂ ಜಾಸ್ತಿ ಹೋಗಿರೋದು ಸತ್ಯ. ಹಳೇ ಸೆಕ್ರೆಟರಿ ಜಯಪ್ಪನೋರೇ ನನಗೆ ಬಾಯಿಬಿಟ್ಟು ಹೇಳಿದಾರೆ. ಅದೆಲ್ಲ ಪೆಟ್ರೋಲು ಅಂದ್ರು.

ನೀಲಾಂಬಿಕ: ನನ್ನ ಬಾವುಟ ಪೆಟ್ರೋಲಿಂದ ನಡಿಯಲ್ಲ.

ನಜೀರ್ ಸಾಬ್: ನನ್ನ ಹುಲ್ಲಿಗೂ ನಾನು ಪೆಟ್ರೋಲ್ ಹಾಕಲ್ಲ. ಹಾಕಿದ್ರೆ ನಾನಿಲ್ಲಿ ಬಂದು ಕೂರ್ತಿರಲಿಲ್ಲ.

ಗುರುಪ್ರಕಾಶ್: ಮತ್ತೆ ನೆಲದ ಸೇವೆಗೆ ಪೆಟ್ರೋಲು ಯಾಕ್ರೀ ಬೇಕು?

ನಜೀರ್ ಸಾಬರು ಹಣೆ ಉಜ್ಜಿಕೊಂಡರು. ಆಮೇಲೆ ನೀಲಾಂಬಿಕಳನ್ನು ನೋಡಿದರು. ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು.

ನಜೀರ್ ಸಾಬ್: ಸುತ್ತು ಇರ್ಬೇಕು ಸಾಹೇಬ್ರೆ.

ಗುರುಪ್ರಕಾಶ್: ಯಾವ ಸುತ್ತು?

ನಜೀರ್ ಸಾಬ್: ನಮ್ಮ ಕೂಲಿ. ದುಡ್ಡು ಬರಲ್ಲ, ಸುತ್ತು ಬರ್ತದೆ. ವಿಮಾನಕ್ಕೆ ಯಾರು ನೆಲದಲ್ಲಿ ದುಡೀತಾರೋ ಅವರ ಮನೆ ಮೇಲೆ ಅದು ಒಂದು ಸುತ್ತು ಹಾಕ್ಬೇಕು. ಮೊದಲನೇ ವರ್ಷದಿಂದ ಪದ್ಧತಿ. ಶಾಂತವೀರಪ್ಪಣ್ಣ ಶುರು ಮಾಡಿದ್ದು.

ಗುರುಪ್ರಕಾಶ್: ಯಾಕಂತೆ?

ನೀಲಾಂಬಿಕ: ನನ್ನ ದೆಸೆಯಿಂದ. ವಿಮಾನ ನಾನು ಹೇಳ್ದಂಗೆ ಕೇಳ್ತೈತೆ ಅಂತ ಬಂದು ಹೇಳಿದ್ರು. ನಮ್ಮನೆ ಕರಾನೇ ನಿಮ್ಮ ಮಾತು ಕೇಳಲ್ಲ, ವಿಮಾನ ಕೇಳ್ತೈತಾ ಅಂದೆ. ಜಯಪ್ಪನೋರು ಎಷ್ಟು ಕೂಲಿ ಕೊಡ್ಲಿ ಅಂತ ಕೇಳಿದಾಗ, ಕೂಲಿ ಬ್ಯಾಡ, ನಮ್ಮನೆ ಮೇಲೆ ಒಂದು ಸುತ್ತು ಹಾಕ್ಸ್ರಿ, ನಮ್ಮಾಕೆ ನಂಬವಲ್ಲಳು ಅಂದ್ರಂತೆ.

ನಜೀರ್ ಸಾಬ್: ಅದನ್ನ ಕೇಳಿ ನಾನೂ ಅದೇ ಅಂದೆ. ಶಿಕಾರಿಪುರಕ್ಕೆ ಸುತ್ತು, ಸೊರಬಕ್ಕೆ ಕೂಲಿ ಅಂದ್ರೆ ನಮ್ಮ ಮರ್ಯಾದೆ ಏನಾಯ್ತು?

ಗುರುಪ್ರಕಾಶ್: ಅದರಿಂದ ನಿಮಗೇನು ಸಿಕ್ತು?

ನಜೀರ್ ಸಾಬ್: ಬೈಗುಳ. ವಿಮಾನ ಬಂದ್ರೆ ಮಾಡಿನ ಮೇಲೆ ಒಣ ಹಾಕಿದ ಮೆಣಸಿನಕಾಯಿ ಎಲ್ಲ ಬೀದಿಗೆ. ಕುಬ್ರಾ ಬೀ ಒಳಗೆ ನನಗೆ ಬೈತಾಳೆ. ಹೊರಗೆ ಹೋಗಿ ಬೀದಿಯವರಿಗೆ, ಏನು ಮಾಡೋದು, ನಮ್ಮನೆಯವರು ಕರೆದ್ರೆ ಬರ್ತದೆ ಅಂತಾಳೆ.

ಗುರುಪ್ರಕಾಶ್ ಎದ್ದು ನಿಂತ. ಮುಖ ಅರಳಿತು. ಲೆಕ್ಕ ಸಿಕ್ಕಿದ ಮನುಷ್ಯನ ಮುಖ ಅದು.

ಗುರುಪ್ರಕಾಶ್: ಹಾಗಾದ್ರೆ ಕೆಲಸ ಸಲೀಸು. ಇಬ್ಬರ ಸುತ್ತು ನಿಲ್ಸಿದ್ರೆ ಆಯ್ತು. ಪೆಟ್ರೋಲ್ ಉಳೀತು, ಪೆಟ್ಟಿಗೆ ಬಂತು.

ನಜೀರ್ ಸಾಬ್: ನಮ್ಮ ಎರಡು ಸುತ್ತಲ್ಲಿ ಪೆಟ್ಟಿಗೆಯ ಬೀಗದ ಕೈನೂ ಬರಲ್ಲ ಮಾರಾಯ್ರೆ. ತೊಗರ್ಸಿ ದಾರೀಲಿ ಬರ್ತದೆ. ನಮ್ಮನೆ ಬಯಲಿನ ಪಕ್ಕ. ಈ ವರ್ಷ ಕುಡಿದ ಪೆಟ್ರೋಲೆಲ್ಲ ದೊಡ್ಡ ಸುತ್ತಿಗೆ.

ಗುರುಪ್ರಕಾಶ್: ದೊಡ್ಡ ಸುತ್ತಾ? ಯಾವುದ್ರೀ ಅದು?

ನಜೀರ್ ಸಾಬ್: ಜಡೆಯಿಂದ ಎದ್ದು ಸೀದಾ ಚಂದ್ರಗುತ್ತಿಗೆ ಹೋಗ್ತದೆ. ಅಲ್ಲಿ ಸಂಘದ ಗದ್ದೆ ಒಂದೂ ಇಲ್ಲ. ಗುಡ್ಡ ಬಳಸಿ, ಯಾವುದೋ ಮನೆ ಮೇಲೆ ತಿರುಗಿ ತಿರುಗಿ, ಮತ್ತೆ ಗುಡ್ಡ ಬಳಸಿ ಬರ್ತದೆ. ನಾನು ಅಷ್ಟರಲ್ಲಿ ಊಟ ಮುಗಿಸಿ ಬೀಡಿ ಸೇದಿರ್ತೀನಿ. ಯಾವನೋ ಭಾರಿ ಕಳ್ಳ ಇದಾನೆ ಅಲ್ಲಿ. ಅವನನ್ನ ಹಿಡೀರಿ.

ಗುರುಪ್ರಕಾಶ್ ನಿಂತವನು ಕುಳಿತ.

ಗುರುಪ್ರಕಾಶ್: ಕಳ್ಳ ಅಂತ ಯಾಕೆ ಅನ್ಬೇಕು? ಯಾರೋ ಗೌರವಸ್ಥರು ಇರಬಹುದು.

ನೀಲಾಂಬಿಕ: ತಮ್ಮಾ, ನಿಮ್ಮ ಮಾವನ ಊರು ಯಾವುದು?

ಗುರುಪ್ರಕಾಶ್: ಅದು ಇಲ್ಲಿಗೆ ಸಂಬಂಧ ಇಲ್ಲಮ್ಮಾ.

ನೀಲಾಂಬಿಕ: ಚಂದ್ರಗುತ್ತಿ ಶೇಷಪ್ಪನೋರ ಮಗಳನ್ನ ತಂದುಕೊಂಡೋರು ನೀವಲ್ಲವಾ? ನಿಮ್ಮಾಕೆ ಮೊನ್ನೆ ಗಿರಣಿ ಹತ್ರ ಹೇಳ್ತಿದ್ಲು. ನಮ್ಮನೆಯೋರು ಸೆಕ್ರೆಟ್ರಿ ಆದ ಮೇಲೆ ನಮ್ಮಪ್ಪನ ಮನೆಗೆ ವಿಮಾನ ಬರ್ತೈತೆ ಅಂತ. ಹಿಟ್ಟು ಬೀಸ್ಕೊಂಡ್ರೂ ಮನೆಗೆ ಹೋಗಲೇ ಇಲ್ಲ ಆಕೆ.

ನಜೀರ್ ಸಾಬ್: ತೌಬಾ, ತೌಬಾ. ಕಳ್ಳ ಅಂದಿದ್ದು ವಾಪಸ್ ತಗೊಂಡೆ ಸಾಹೇಬ್ರೆ.

ನೀಲಾಂಬಿಕ: ಯಾಕೆ ತಗೋತೀರಿ? ಅಲ್ಲೇ ಇರ್ಲಿ ಬಿಡ್ರಿ.

ಗುರುಪ್ರಕಾಶ್: ಅಮ್ಮಾ, ದೇವರಾಣೆ, ಪೈಲಟ್ ಸುಮ್ನೆ ವಿಶ್ವಾಸಕ್ಕೆ ಹಾಕ್ತಾರೆ ಅಂದ್ಕೊಂಡಿದ್ದೆ. ಮದುವೆಯಾಗಿ ಇಷ್ಟು ದಿನ ಆದ್ರೂ ನಮ್ಮ ಮಾವ ನನ್ನ ಜೊತೆ ಸರಿಯಾಗಿ ಮಾತಾಡಿರಲಿಲ್ಲ. ಒಂದು ಸುತ್ತು ಹಾಕ್ಸಿದೆ, ಅಳಿಯಂದ್ರೇ ಅಂದ್ರು. ಮತ್ತೊಂದು ಹಾಕ್ಸಿದೆ, ಎಲೆ ಹಾಕಿ ಊಟಕ್ಕೆ ಕರೆದ್ರು.

ನೀಲಾಂಬಿಕ: ಇನ್ನೊಂದೆರಡು ಹಾಕ್ಸಿದ್ರೆ ತೋಟ ಬರೆದು ಕೊಡ್ತಿದ್ರು. ಅಲ್ಲಿಗೆ ಪೆಟ್ಟಿಗೆ ಖರ್ಚು ಗಿಟ್ತಿತ್ತು.

ನಜೀರ್ ಸಾಬರು ನಗು ತಡೆಯಲಾರದೆ ಕೆಮ್ಮಿದರು. ಗುರುಪ್ರಕಾಶನ ಇಸ್ತ್ರಿ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಮೇಜಿನ ಮೇಲೆ ಕೈ ಬಡಿದ. ಮೆಲ್ಲಗೆ ಬಡಿದ.

ಗುರುಪ್ರಕಾಶ್: ಆಯ್ತು. ನ್ಯಾಯ ಅಂದ್ರೆ ಎಲ್ಲಾರಿಗೂ ನ್ಯಾಯ. ನಮ್ಮ ಮಾವಂದೂ ನಿಲ್ಲುತ್ತೆ, ಸಾಬರದೂ ನಿಲ್ಲುತ್ತೆ, ನಿಮ್ಮದೂ ನಿಲ್ಲುತ್ತೆ. ಮೂರೂ ಉಳಿದ್ರೆ ಪೆಟ್ಟಿಗೆ ಬಂದೇ ಬರುತ್ತೆ.

ನಜೀರ್ ಸಾಬ್: ನಂದು ನಿಲ್ಸಿ. ಮೆಣಸಿನಕಾಯಿ ಉಳೀತು. ಇವರದು ಬಿಡಿ.

ಗುರುಪ್ರಕಾಶ್: ಅದ್ಯಾಕ್ರೀ? ಈಗ ತಾನೆ ಬಾವುಟ ನಿಲ್ಸಿ ಅಂದ್ರಿ.

ನಜೀರ್ ಸಾಬ್: ಬಾವುಟ ಬೇರೆ. ಸುತ್ತು ಬೇರೆ.

ಗುರುಪ್ರಕಾಶ್: ಏನು ಬೇರೆ? ಅಮ್ಮಾ, ನೀವೇ ಹೇಳ್ರಿ. ವಿಮಾನ ಸುತ್ತು ಹಾಕೋ ಹೊತ್ತಿಗೆ ನೀವು ಕೆರೆ ಏರಿ ಮೇಲೆ ಇರ್ತೀರಿ. ಮನೇಲಿ ನೋಡೋರು ಯಾರಿದಾರೆ? ಖಾಲಿ ಮನೆ ಮೇಲೆ ಪೆಟ್ರೋಲ್ ಸುಡೋದು ಯಾಕೆ?

ನೀಲಾಂಬಿಕ: ಖಾಲಿ ಅಂತ ನಿಮಗ್ಯಾರು ಹೇಳಿದ್ರು?

ದನಿ ಏರಲಿಲ್ಲ. ಅದಕ್ಕೇ ಇಬ್ಬರೂ ತಲೆ ಎತ್ತಿದರು.

ನೀಲಾಂಬಿಕ: ಅವ್ರಿದ್ದಾಗ ಅವ್ರು ಏರಿ ಮೇಲೆ ಬಾವುಟ ಬೀಸ್ತಿದ್ರು. ನಾನು ಅಂಗಳದಾಗೆ ನಿಂತು ನೋಡ್ತಿದ್ದೆ. ವಿಮಾನ ಬಂದು ರೆಕ್ಕೆ ಬಾಗಿಸ್ತಿತ್ತು. ಸಂಜೆ ಬಂದು, ನೋಡಿದ್ಯಾ ಅಂತಿದ್ರು. ನೋಡಲಿಲ್ಲ, ಒಳಗೆ ಕೆಲಸ ಇತ್ತು ಅಂತಿದ್ದೆ. ದಿನಾ ನೋಡ್ತಿದ್ದೆ. ಒಂದಿನಾನೂ ನೋಡಿದೆ ಅಂತ ಹೇಳಲಿಲ್ಲ.

ಗುರುಪ್ರಕಾಶ್ ಮೇಜಿನ ಮೇಲಿದ್ದ ಕೈ ಹಿಂದಕ್ಕೆ ತೆಗೆದ.

ನೀಲಾಂಬಿಕ: ಈಗ ನಾನು ಬಾವುಟ ಬೀಸ್ತೀನಿ. ಅವ್ರು ಪಡಸಾಲೆ ಗೋಡೆ ಮೇಲೆ ಫೋಟೋದಾಗೆ ಇದಾರೆ. ಬಾಗಿಲು ತೆಗೆದೇ ಹೋಗಿರ್ತೀನಿ. ಕಾಣ್ತೈತೆ ಅಲ್ಲಿಂದ. ಸಂಜೆ ಬಂದು ನಾನು ಕೇಳ್ತೀನಿ, ನೋಡಿದ್ರಾ ಅಂತ. ಅಷ್ಟೇ. ಈಗ ನಿಲ್ಸಂಗಿದ್ರೆ ನಿಲ್ಸ್ರಿ.

ನಜೀರ್ ಸಾಬರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. ಸೆಕೆ ಎಂದರು. ಸೆಕೆ ಇರಲಿಲ್ಲ.

ಗುರುಪ್ರಕಾಶ್: ಪೈಲಟ್‌ಗೆ ಗೊತ್ತಾ, ಶಾಂತವೀರಪ್ಪನೋರು ಇಲ್ಲ ಅಂತ?

ನೀಲಾಂಬಿಕ: ಮೇಲಿಂದ ನೋಡಿದ್ರೆ ರುಮಾಲು ಕಾಣ್ತೈತೆ. ಅದರ ಕೆಳಗೆ ಯಾರಾದ್ರೇನು?

ನಜೀರ್ ಸಾಬ್: ಜಡೆಯಲ್ಲಿ ಇಳಿದಾಗೆಲ್ಲ ಕೇಳ್ತಿದ್ರು, ಶಾಂತವೀರಪ್ಪ ಹೇಗಿದಾರೆ ಅಂತ. ಚೆನ್ನಾಗಿದಾರೆ ಅಂತಿದ್ದೆ. ಇಲ್ಲ ಅಂದ್ರೆ ಸುತ್ತು ನಿಲ್ಸಿಬಿಡ್ತಾರೆ ಅಂತ. ಅಲ್ಲಾ ಮಾಫ್ ಮಾಡ್ಲಿ.

ನೀಲಾಂಬಿಕ ಅವರ ಕಡೆ ನೋಡಿದಳು. ಇದು ಅವಳಿಗೆ ಗೊತ್ತಿರಲಿಲ್ಲ.

ನೀಲಾಂಬಿಕ: ಇಷ್ಟೆಲ್ಲ ಮಾಡಿ, ಇವತ್ತು ಬಂದು ಬಾವುಟ ನಿಲ್ಸಿ ಅಂದ್ರಲ್ಲ ಸಾಬ್ರೆ?

ನಜೀರ್ ಸಾಬ್: ಸಂಬಳ ಬರ್ತದೆ ಅಂದ್ಕೊಂಡಿದ್ದೆ ಅಕ್ಕಾ. ಅದರ ಹೊಟ್ಟೆಕಿಚ್ಚು ಬೇರೆ ಖಾತೆ.

ಗುರುಪ್ರಕಾಶನಿಗೆ ಮೀಟಿಂಗು ನೆನಪಾಯಿತು. ಡೈರೆಕ್ಟರುಗಳಿಗೆ ಮನೆ ಗೋಡೆಯ ಫೋಟೋ ಲೆಕ್ಕಕ್ಕೆ ಬರುವುದಿಲ್ಲ. ಟೆಲಿಫೋನಿನ ಡಯಲಿಗೆ ಹಾಕಿದ್ದ ಸಣ್ಣ ಬೀಗ ತೆಗೆದ. ಪೈಲಟ್ ಊರಿಗೆ ಫೋನು ಹಚ್ಚಿದ. ಬಹಳ ಹೊತ್ತು ತಿರುಗಿಸಿದ ಮೇಲೆ ಸಿಕ್ಕಿತು. ಅವನು ಕೂಗುತ್ತಿದ್ದ ರೀತಿಗೆ ಫೋನು ಇಲ್ಲದೆಯೇ ಕೇಳಿಸಬಹುದಿತ್ತು.

ಗುರುಪ್ರಕಾಶ್: ಹಲೋ! ಕ್ಯಾಪ್ಟನ್ ಸಾರ್! ಶಿಕಾರಿಪುರದಿಂದ ಗುರುಪ್ರಕಾಶ್! ಸಾರ್, ಪೆಟ್ಟಿಗೆ ವಿಷಯ! ಹೌದು ಸಾರ್, ದುಡ್ಡು ಹೊಂದಿಸ್ತಿದೀವಿ! ಅದಕ್ಕೆ ಇನ್ಮೇಲೆ ಯಾರ ಮನೆ ಮೇಲೂ ಸುತ್ತು ಬೇಡ ಸಾರ್! ಚಂದ್ರಗುತ್ತಿನೂ ಬೇಡ ಸಾರ್! ... ಇಲ್ಲ ಸಾರ್, ಮಾವನ ಜೊತೆ ಜಗಳ ಏನಿಲ್ಲ. ಇನ್ಮೇಲೆ ಆಗುತ್ತೆ. ... ಏನು ಸಾರ್? ಶಾಂತವೀರಪ್ಪನೋರಾ?

ನೀಲಾಂಬಿಕಳನ್ನು ನೋಡಿದ. ಅವಳು ಸೆರಗು ಬಿಗಿ ಮಾಡಿಕೊಂಡಳು. ಹೇಳು ಎಂದು ತಲೆ ಆಡಿಸಿದಳು.

ಗುರುಪ್ರಕಾಶ್: ಸಾರ್, ಅವರು ತೀರಿಕೊಂಡ್ರು ಸಾರ್. ಹೋದ ಬೇಸಿಗೇಲೆ. ... ಬಾವುಟ ಅವರ ಮನೆಯವರು ಬೀಸಿದ್ದು ಸಾರ್. ... ಹೌದು, ರುಮಾಲು ಸುತ್ಕೊಂಡು. ... ಹಲೋ? ಸಾರ್? ಹಲೋ?

ನಜೀರ್ ಸಾಬ್: ಲೈನ್ ಹೋಯ್ತಾ?

ಗುರುಪ್ರಕಾಶ್: ಇಲ್ಲ. ಸುಮ್ಮನಾಗಿದಾರೆ. ... ಆಂ, ಹೇಳಿ ಸಾರ್. ... ಹೇಳ್ತೀನಿ ಸಾರ್.

ನೀಲಾಂಬಿಕ: ಏನಂತಾರೆ?

ಗುರುಪ್ರಕಾಶ್: ಈ ವರ್ಷ ಶಾಂತವೀರಪ್ಪನಿಗೆ ಯಾಕೋ ನನ್ನ ಮೇಲೆ ಸಿಟ್ಟು ಬಂದಿದೆ, ಬಾವುಟ ಹೊಡೆಯೋ ಹಾಗೆ ಬೀಸ್ತಿದಾರೆ ಅಂದ್ಕೊಂಡಿದ್ರಂತೆ. ಅದಕ್ಕೆ ಸಮಾಧಾನ ಆಗ್ಲಿ ಅಂತ ರೆಕ್ಕೆ ಇನ್ನೂ ಜಾಸ್ತಿ ಬಾಗಿಸ್ತಿದ್ರಂತೆ.

ನೀಲಾಂಬಿಕ: ಬಾಗಿಸ್ತಿದ್ರು. ಒಂದು ಸಲ ಹೆಂಚು ಕಿತ್ತು ಹೋಗ್ತೈತೆ ಅನ್ನಿಸ್ತು.

ಅವಳು ನಕ್ಕಳೋ ಮೂಗು ಎಳೆದುಕೊಂಡಳೋ ಹೇಳುವುದು ಕಷ್ಟ. ಎರಡೂ ಇರಬಹುದು.

ಗುರುಪ್ರಕಾಶ್: ಏನು ಸಾರ್? ಸುತ್ತು ಬೇಕಾ? ಪೆಟ್ಟಿಗೆಗಾ? ... ಅರ್ಥ ಆಗ್ಲಿಲ್ಲ ಸಾರ್, ನಿಧಾನಕ್ಕೆ ಹೇಳಿ.

ಕಿವಿಯಿಂದ ಫೋನು ತೆಗೆದು ಅಂಗೈಯಿಂದ ಮುಚ್ಚಿದ. ಮುಖ ಸಪ್ಪೆಯಾಗಿತ್ತು.

ಗುರುಪ್ರಕಾಶ್: ಆ ಪೆಟ್ಟಿಗೆಗೆ ಬೆಳಿಗ್ಗೆ ಎದ್ದ ಕೂಡಲೇ ತಾನೆಲ್ಲಿದೀನಿ ಅಂತ ಸರಿಯಾಗಿ ತಿಳಿಯಲ್ವಂತೆ. ಉಪಗ್ರಹ ಹೇಳೋದ್ರಲ್ಲಿ ಒಂದೆರಡು ಗದ್ದೆಯಷ್ಟು ಹೆಚ್ಚುಕಡಿಮೆ ಆಗುತ್ತಂತೆ. ಅದಕ್ಕೆ ಕೆಲಸಕ್ಕೆ ಮುಂಚೆ, ಕೆಲಸ ಆದ ಮೇಲೆ, ಗುರುತಿನ ಒಂದು ಜಾಗದ ಮೇಲೆ ಸುತ್ತು ಹಾಕಿ, ನೋಡಪ್ಪಾ, ನೀನಿರೋದು ಇಲ್ಲಿ ಅಂತ ತೋರಿಸ್ಬೇಕಂತೆ.

ನೀಲಾಂಬಿಕ: ಅಲ್ಲಿಗೆ ಅಮೆರಿಕದ ಗ್ರಹಾನೂ ಅಷ್ಟೇ ಆಯ್ತು.

ಗುರುಪ್ರಕಾಶ್: ಒಂದೇ ಜಾಗ ಸಾಕಂತೆ. ಯಾವುದಾದ್ರೂ ಮನೆ. ಉಳಿದ ಸುತ್ತು ನಿಲ್ಸಿದ್ರೆ ದುಡ್ಡು ಸಾಲುತ್ತಂತೆ. ... ಸಾರ್! ಹಂಗಾದ್ರೆ ಚಂದ್ರಗುತ್ತಿ ಮನೇನೇ ಇಟ್ಕೊಳ್ಳಿ ಸಾರ್! ದೊಡ್ಡ ಮನೆ, ಚೆನ್ನಾಗಿ ಕಾಣುತ್ತೆ!

ನಜೀರ್ ಸಾಬ್: ನ್ಯಾಯ ಅಂದ್ರೆ ಎಲ್ಲಾರಿಗೂ ನ್ಯಾಯ ಅಂದಿದ್ದು ಯಾರೋ?

ಗುರುಪ್ರಕಾಶ್: ... ಇಲ್ಲ ಸಾರ್, ಮುಂದಿನ ವರ್ಷ ಹಂಗೇ ಇರಲ್ಲ. ನಮ್ಮ ಮಾವ ಮೇಲೆ ಮಹಡಿ ಎಬ್ಬಿಸ್ತಿದಾರೆ. ವಿಮಾನ ಹತ್ತಿರದಿಂದ ಕಾಣ್ಲಿ ಅಂತ. ... ಆಗಲ್ವಾ? ... ಸಾಬ್ರೆ, ಮೇಲಿಂದ ನೋಡಿದ್ರೆ ಯಾವತ್ತೂ ಒಂದೇ ಥರ ಕಾಣ್ಬೇಕಂತೆ. ಇವತ್ತೊಂದು ನಾಳೆ ಒಂದು ಆದ್ರೆ ಪೈಲಟ್‌ಗೆ ಗುರುತು ತಪ್ಪುತ್ತಂತೆ. ನಿಮ್ಮ ಮನೆ?

ನಜೀರ್ ಸಾಬ್: ಇವತ್ತು ಮಾಡಿನ ಮೇಲೆ ಮೆಣಸಿನಕಾಯಿ, ಕೆಂಪು. ನಾಳೆ ಹಪ್ಪಳ, ಬಿಳಿ. ಹಬ್ಬಕ್ಕೆ ಕುಬ್ರಾ ಬೀ ಗೋಡೆಗೆ ಹಸಿರು ಬಳಿಸ್ತಾಳೆ. ನನಗೇ ಒಂದೊಂದು ದಿನ ಗುರುತು ಸಿಗಲ್ಲ.

ಗುರುಪ್ರಕಾಶ್ ತಿರುಗಿದ. ಈಗ ಸೆಕ್ರೆಟರಿಯ ಹಾಗೆ ಕೇಳಲಿಲ್ಲ. ಊರಿನ ಹುಡುಗನ ಹಾಗೆ ಕೇಳಿದ.

ಗುರುಪ್ರಕಾಶ್: ಅಮ್ಮಾ, ನಿಮ್ಮ ಮನೇಲಿ ಮುಂದೆ ಏನಾದ್ರೂ ಬದಲಾಗೋದು ಇದೆಯಾ?

ನೀಲಾಂಬಿಕ: ನಮ್ಮನೇಲಿ ಬದಲಾಗೋದೆಲ್ಲ ಬದಲಾಗಿ ಆಯ್ತಪ್ಪ. ಇನ್ನೇನೂ ಇಲ್ಲ.

ಗುರುಪ್ರಕಾಶ್: ... ಸಾರ್, ತೊಗರ್ಸಿ ಮನೆ ಸಾರ್. ಹೌದು, ಶಾಂತವೀರಪ್ಪನೋರದ್ದೇ. ಬೆಳಿಗ್ಗೆ ಒಂದು, ಸಂಜೆ ಒಂದು. ... ಆಯ್ತು ಸಾರ್. ಮೀಟಿಂಗಲ್ಲಿ ಹಾಗೇ ಹೇಳ್ತೀನಿ.

ಫೋನಿಟ್ಟ. ಬೀಗ ಹಾಕಿದ. ದೊಡ್ಡ ಉಸಿರು ಬಿಟ್ಟ.

ನಜೀರ್ ಸಾಬ್: ಒಂದಿದ್ದ ಸುತ್ತು ಎರಡಾಯ್ತು ಅಕ್ಕನಿಗೆ. ಇದೆಂಥ ಉಳಿತಾಯ ಮಾರಾಯ್ರೆ!

ಗುರುಪ್ರಕಾಶ್: ಬಾವುಟ ಮಾತ್ರ ನಿಲ್ಲುತ್ತಮ್ಮಾ. ಬರೋ ವರ್ಷದಿಂದ ನೀವು ಏರಿ ಮೇಲೆ ಹೋಗಂಗಿಲ್ಲ. ಮನೆ ಹತ್ರಾನೇ ಇರಬೇಕು. ಅಂಗಳದಲ್ಲಿ ಏನೂ ಬದಲಾಗದಂಗೆ ನೋಡ್ಕೋಬೇಕು. ಅದೇ ನಿಮ್ಮ ಕೆಲಸ. ಬೇಜಾರಾ?

ನೀಲಾಂಬಿಕ ಎದ್ದಳು. ಸೆರಗು ಹೊದ್ದಳು. ಬಾಗಿಲವರೆಗೆ ಹೋಗಿ ನಿಂತಳು.

ನೀಲಾಂಬಿಕ: ಇನ್ನೊಂದು ಸಲ ಫೋನ್ ಮಾಡಿದಾಗ ಆ ಕ್ಯಾಪ್ಟನ್‌ಗೆ ಹೇಳು ತಮ್ಮಾ. ಸ್ವಲ್ಪ ನಿಧಾನಕ್ಕೆ ಸುತ್ತು ಹಾಕ್ಲಿ. ಇನ್ಮೇಲೆ ನೋಡೋರು ಇಬ್ಬರಿದೀವಿ.